ಕಾಲು ಸುತ್ತಿನ ಆಸೆ

“ಪಿಕಪ್ ಬೇಕಾ ಸಾರ್? ಒಂದು ಕಾಲು ಸುತ್ತು ಕೊಟ್ಬಿಡ್ತೀನಿ.”

ಬಾನೆಟ್ಟಿನೊಳಗೆ ಅರ್ಧ ಮೈ ಇಳಿಬಿಟ್ಟಿದ್ದ ಗ್ಯಾರೇಜಿನ ಹುಡುಗ ಹಾಗೆಂದಾಗ ಬೇಡ ಎನ್ನಲು ನನ್ನಿಂದಾಗಲಿಲ್ಲ. ಪಿಕಪ್ ಬೇಡ ಎಂದವರನ್ನು ನಾನಿನ್ನೂ ಕಂಡಿಲ್ಲ. ಅಲೆನ್ ಕೀ ತೂರಿಸಿ ಅವನು ತಿರುಪಿದ. ಆವತ್ತು ಸಂಜೆ ಕಾರು ನಿಜಕ್ಕೂ ಚುರುಕಾಗಿದೆ ಅನ್ನಿಸಿತು. ಕಾಸು ಕೊಟ್ಟ ಮೇಲೆ ಅನ್ನಿಸಲೇಬೇಕಲ್ಲ. ಆ ರುಚಿಗೆ ಬಿದ್ದು ಮುಂದಿನ ಭಾನುವಾರ ನಾನೇ ಇನ್ನೊಂದು ಕಾಲು ಸುತ್ತು ಕೊಟ್ಟೆ. ಮೂರು ವಾರ ಕಳೆಯುವಷ್ಟರಲ್ಲಿ ಸೈಲೆನ್ಸರಿನ ಬಾಯಿ ಮಸಿ ಹಿಡಿದಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಕಾರು ಕೆಮ್ಮುತ್ತಿತ್ತು. ಪ್ಲಗ್ ಬಿಚ್ಚಿ ನೋಡಿದರೆ ಒಲೆಯಿಂದ ತೆಗೆದ ಇದ್ದಿಲಿನ ತುಂಡು.

ಕಾರು ಮೊದಲ ತಲೆಮಾರಿನ ಹೋಂಡಾ ಸಿಟಿ, 1.5 ಲೀಟರ್. ಹಿಂದಿನ ಸೀಟಿಲ್ಲ, ಏಸಿ ಇಲ್ಲ, ಕ್ಯಾಮ್‌ಶಾಫ್ಟ್ ಬೇರೆ, ಇಂಜೆಕ್ಟರ್ ಬೇರೆ, ಇಸಿಯು ಬೇರೆ. ಕೊನೆಗೆ ಕಂಪನಿಯದೆಂದು ಉಳಿದಿರುವುದು ಲೋಗೊ ಮಾತ್ರ ಎಂದು ಮನೆಯವರು ಆಡಿಕೊಳ್ಳುತ್ತಾರೆ. ರಸ್ತೆಗೆ ಇಳಿಯುವುದಿಲ್ಲ, ವರ್ಷಕ್ಕೆ ನಾಲ್ಕೈದು ಸಲ ಟ್ರೇಲರ್ ಹತ್ತಿ ಆಟೊಕ್ರಾಸ್ ಎಂಬ ಮಣ್ಣಿನ ಓಟಕ್ಕೆ ಹೋಗುತ್ತದೆ, ಧೂಳು ಕುಡಿದು ಬರುತ್ತದೆ.

ಹುಡುಗ ತಿರುಪಿದ ಆ ಸ್ಕ್ರೂ ಇರುವುದು ಫ್ಯೂಯಲ್ ಪ್ರೆಷರ್ ರೆಗ್ಯುಲೇಟರ್ ಎಂಬ ಸಾಮಾನಿನ ನೆತ್ತಿಯಲ್ಲಿ. ಆ ಕಾಲದ ಕಾರುಗಳಲ್ಲಿ ಕಂಪನಿಯವರು ಇಟ್ಟಿರುತ್ತಿದ್ದದ್ದು ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ, ಅಂದರೆ ರೈಲಿಗೆ, ಅಂಟಿಕೊಂಡ ಒಂದು ತಗಡಿನ ಡಬ್ಬಿ. ಅದಕ್ಕೆ ಸ್ಕ್ರೂ ಇಲ್ಲ, ಮೀಟರ್ ಇಲ್ಲ, ಅದು ಅಲ್ಲಿದೆ ಎಂಬುದೇ ಬಹಳ ಮಾಲೀಕರಿಗೆ ಗೊತ್ತಿರಲಿಲ್ಲ. ಕಾರು ಮಾಡಿಫೈ ಮಾಡುವವರು ಅದನ್ನು ಕಿತ್ತು, ದೊಡ್ಡ ನಿಂಬೆಹಣ್ಣಿನ ಗಾತ್ರದ, ಕೆಂಪೋ ನೀಲಿಯೋ ಬಣ್ಣದ ಅಲ್ಯೂಮಿನಿಯಂ ರೆಗ್ಯುಲೇಟರ್ ಕೂರಿಸುತ್ತಾರೆ. ಮೇಲೊಂದು ಸ್ಕ್ರೂ, ಅದರ ಕೊರಳಿಗೊಂದು ಲಾಕ್‌ನಟ್, ಪಕ್ಕದಲ್ಲಿ ಗಡಿಯಾರದಂಥ ಮೀಟರ್. ಬಲಕ್ಕೆ ತಿರುಗಿಸಿದರೆ ಪೆಟ್ರೋಲಿನ ಒತ್ತಡ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಇಷ್ಟು ಸುಲಭವಾಗಿ ಕೈಗೆ ಸಿಗುವಂತೆ ಮಾಡಿಟ್ಟಿರುವುದೇ ಅದರ ದೋಷ ಎನ್ನುವುದು ನನ್ನ ಈಗಿನ ಅಭಿಪ್ರಾಯ.

ಕೆಮ್ಮುವ ಕಾರನ್ನು ಬೆಂಗಳೂರಿನ ಮೈಸೂರು ರಸ್ತೆಯ ಒಳಗಲ್ಲಿಯ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹಿರಿಯರನ್ನು ಸುತ್ತಲಿನವರೆಲ್ಲ ಉಸ್ತಾದ್ ಎಂದೇ ಕರೆಯುವುದು. ಕಾರ್ಬ್ಯುರೇಟರ್ ಕಾಲದಿಂದ ಕೈ ಕಪ್ಪು ಮಾಡಿಕೊಂಡವರು. ಈಗ ಲ್ಯಾಪ್‌ಟಾಪನ್ನೂ ಅದೇ ಕೈಯಲ್ಲಿ ಮುಟ್ಟುತ್ತಾರೆ. ಬಾನೆಟ್ ಎತ್ತಿದವರೇ ಲಾಕ್‌ನಟ್ಟಿನ ಅಂಚು ಸವೆದಿರುವುದನ್ನು ನೋಡಿದರು.

“ಯಾರ್ ಸಾರ್ ಇದನ್ನ ಮುಟ್ಟಿದ್ದು?”

ಹುಡುಗನ ಹೆಸರು ಹೇಳಿದೆ. ಅರ್ಧ ಸತ್ಯ.

“ಇದು ಪಿಕಪ್ ಸ್ಕ್ರೂ ಅಲ್ಲ ಸಾರ್. ತೂಕದ ಕಲ್ಲು ಇದು. ಅಂಗಡೀಲಿ ಕಲ್ಲನ್ನೇ ಬದಲಾಯಿಸ್ಬಿಟ್ರೆ ಲೆಕ್ಕ ಯಾವ್ದು ಸರಿ ಇರುತ್ತೆ ಹೇಳಿ?”

ಅವರು ಹೇಳಿದ್ದನ್ನು ಬಿಡಿಸಿ ನೋಡೋಣ. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕೆಂದು ತೀರ್ಮಾನಿಸುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಆದರೆ ಅದು ಪೆಟ್ರೋಲನ್ನು ಅಳೆಯುವುದಿಲ್ಲ, ಕಾಲವನ್ನು ಅಳೆಯುತ್ತದೆ. ಇಂಜೆಕ್ಟರಿನ ಬಾಯಿಯನ್ನು ಇಂತಿಷ್ಟು ಮಿಲಿಸೆಕೆಂಡು ತೆರೆದಿಡು ಎನ್ನುವುದಷ್ಟೇ ಅದರ ಆಜ್ಞೆ. ಐಡ್ಲಿಂಗಿನಲ್ಲಿ ಎರಡು ಮೂರು ಮಿಲಿಸೆಕೆಂಡು ಇರಬಹುದು. ಅಷ್ಟು ಹೊತ್ತಿನಲ್ಲಿ ಎಷ್ಟು ಪೆಟ್ರೋಲ್ ಬಿದ್ದೀತು ಎಂಬುದು ಹಿಂದಿನಿಂದ ಎಷ್ಟು ಒತ್ತಡವಿದೆ ಎಂಬುದರ ಮೇಲೆ ನಿಂತಿದೆ. ನನ್ನ ಇಂಜೆಕ್ಟರುಗಳು 3 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 310 ಸಿಸಿ ಬಿಡುವಂಥವು. 3 ಬಾರ್ ಎಂದರೆ ನಮ್ಮ ಪಂಕ್ಚರ್ ಅಂಗಡಿಯ ಭಾಷೆಯಲ್ಲಿ 43.5 ಪಿಎಸ್‌ಐ. ಲ್ಯಾಪ್‌ಟಾಪಿನಲ್ಲಿ ಕೂತು ಬರೆದ ಮ್ಯಾಪಿನ, ಅಂದರೆ ಇಸಿಯು ನೋಡಿಕೊಳ್ಳುವ ಲೆಕ್ಕದ ಪಟ್ಟಿಯ, ಪ್ರತಿಯೊಂದು ಅಂಕಿಯೂ ಈ 43.5 ಅನ್ನು ನಂಬಿಕೊಂಡಿದೆ. ನಾವು ಅದನ್ನು ಸದ್ದಿಲ್ಲದೆ 52 ಮಾಡಿಟ್ಟರೆ ಇಸಿಯುಗೆ ತಿಳಿಯುವುದು ಹೇಗೆ? ಅದು ತನ್ನ ಪಾಡಿಗೆ ಮಿಲಿಸೆಕೆಂಡು ಎಣಿಸುತ್ತಿರುತ್ತದೆ.

ಇದನ್ನೆಲ್ಲ ನಾನು ಮೊದಲು ನೋಡಿದ್ದು ಕಾರಿನಲ್ಲಲ್ಲ, ತಿಪಟೂರಿನ ಕಡೆ ಚಿಕ್ಕಪ್ಪನ ತೋಟದಲ್ಲಿ. ಹನಿ ನೀರಾವರಿ ಹಾಕಿಸಿದ ಹೊಸದರಲ್ಲಿ ಬೋರ್‌ವೆಲ್ಲಿನ ನೀರನ್ನೆಲ್ಲ ನೇರ ಪೈಪಿಗೆ ಬಿಟ್ಟು, ಅಲ್ಲಲ್ಲಿ ಜಾಯಿಂಟ್ ಹಾರಿ ಕಾರಂಜಿ ಎದ್ದಿತ್ತು. ಕಂಪನಿಯವರು ಬಂದು ಫಿಲ್ಟರಿನ ಹಿಂದಿದ್ದ ಬೈಪಾಸ್ ವಾಲ್ವನ್ನು ಒಂದಿಷ್ಟು ತೆರೆದರು. ಹೆಚ್ಚಾದ ನೀರು ತೊಟ್ಟಿಗೆ ವಾಪಸು ಬೀಳತೊಡಗಿತು, ಮೀಟರಿನ ಮುಳ್ಳು ಒಂದು ಕೇಜಿ ಒತ್ತಡಕ್ಕೆ ಬಂದು ನಿಂತಿತು. ಚಿಕ್ಕಪ್ಪನಿಗೆ ಅದು ಸರಿಬರಲಿಲ್ಲ. ಕರೆಂಟು ಸುಟ್ಟು ಎತ್ತಿದ ನೀರನ್ನು ಮತ್ತೆ ತೊಟ್ಟಿಗೆ ಸುರಿಯುವುದು ಯಾವ ನ್ಯಾಯ ಎಂದು ಗೊಣಗಿದರು. ಆದರೆ ತೋಟದ ಕೊನೆಯ ಗಿಡಕ್ಕೂ ಮೊದಲ ಗಿಡಕ್ಕೂ ಒಂದೇ ಸಮ ಹನಿ ಬೀಳಬೇಕಾದರೆ ಆ ವಾಪಸಾತಿ ಬೇಕು.

ರೆಗ್ಯುಲೇಟರ್ ಮಾಡುವುದು ಇದೇ ಕೆಲಸ. ಟ್ಯಾಂಕಿನ ಪಂಪು ಎಂಜಿನ್ನಿಗೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಪೆಟ್ರೋಲ್ ತಳ್ಳುತ್ತಿರುತ್ತದೆ. ರೈಲಿನ ತುದಿಯಲ್ಲಿ ರೆಗ್ಯುಲೇಟರ್ ಕಾದು ಕೂತಿರುತ್ತದೆ. ಒಳಗೊಂದು ರಬ್ಬರಿನ ಪೊರೆ, ಅದನ್ನೇ ಡಯಾಫ್ರಮ್ ಎನ್ನುವುದು; ಪೊರೆಯ ಬೆನ್ನಿಗೊಂದು ಸ್ಪ್ರಿಂಗು. ಪೆಟ್ರೋಲಿನ ಒತ್ತಡ ಸ್ಪ್ರಿಂಗನ್ನು ಮಣಿಸಿತೋ, ಬಾಗಿಲು ತೆರೆದು ಹೆಚ್ಚಿನದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸು. ಒತ್ತಡ ಇಳಿದರೆ ಬಾಗಿಲು ಮುಚ್ಚುತ್ತದೆ. ಮೇಲಿನ ಸ್ಕ್ರೂ ಬಿಗಿ ಮಾಡುವುದೆಂದರೆ ಸ್ಪ್ರಿಂಗನ್ನು ಇನ್ನಷ್ಟು ಅದುಮುವುದು, ಅಷ್ಟೇ.

ತೋಟದ ಡ್ರಿಪ್ಪರುಗಳಿಂದ ಇನ್ನೊಂದು ಪಾಠವನ್ನೂ ಕಲಿಯಬಹುದು. ಒಂದು ಕೇಜಿ ಒತ್ತಡದಲ್ಲಿ ಗಂಟೆಗೆ 4 ಲೀಟರ್ ಹನಿಸುವ ಸಾದಾ ಡ್ರಿಪ್ಪರಿಗೆ ಎರಡು ಕೇಜಿ ಒತ್ತಡ ಕೊಟ್ಟರೆ 8 ಲೀಟರ್ ಬರುವುದಿಲ್ಲ, ಐದೂವರೆ ಚಿಲ್ಲರೆ ಬಂದೀತು. ಹರಿವು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. ಇಂಜೆಕ್ಟರಿಗೂ ಅದೇ ಲೆಕ್ಕ. 3 ಬಾರ್‌ನಲ್ಲಿ 310 ಸಿಸಿ ಬಿಡುವುದು 4 ಬಾರ್‌ನಲ್ಲಿ 358 ಬಿಡುತ್ತದೆ; ಒತ್ತಡ ಮೂರರಲ್ಲೊಂದು ಪಾಲು ಏರಿತು, ಪೆಟ್ರೋಲ್ ಶೇ 15 ಚಿಲ್ಲರೆ ಮಾತ್ರ. ಎರಡರಷ್ಟು ಪೆಟ್ರೋಲ್ ಬೇಕೆಂದರೆ ನಾಲ್ಕರಷ್ಟು ಒತ್ತಡ ಬೇಕು, ಅಂದರೆ 12 ಬಾರ್. ಅಷ್ಟು ಹೊತ್ತಿಗೆ ಪಂಪು ಕೈಚೆಲ್ಲಿರುತ್ತದೆ. ಏಕೆಂದರೆ ಒತ್ತಡ ಏರಿದಂತೆಲ್ಲ ಪಂಪು ತಳ್ಳುವ ಪ್ರಮಾಣ ಇಳಿಯುತ್ತ ಹೋಗುತ್ತದೆ. ಚಿಕ್ಕ ಇಂಜೆಕ್ಟರನ್ನು ಒತ್ತಡದಿಂದ ದೊಡ್ಡದು ಮಾಡಿಕೊಳ್ಳುತ್ತೇನೆ ಎನ್ನುವವರು ಈ ಗೋಡೆಗೆ ಬೇಗನೆ ತಲೆ ಹೊಡೆದುಕೊಳ್ಳುತ್ತಾರೆ.

ಇನ್ನು ರೆಗ್ಯುಲೇಟರಿನ ಪಕ್ಕೆಗೆ ಸಿಕ್ಕಿಸಿರುವ ಪೆನ್ಸಿಲ್ ದಪ್ಪದ ರಬ್ಬರ್ ಪೈಪು. ಅದು ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಬರುತ್ತದೆ. ಇಡೀ ವಿದ್ಯೆಯ ಸೊಗಸು ಇರುವುದು ಇಲ್ಲೇ. ಇಂಜೆಕ್ಟರಿನ ಹಿಂದೆ ಪೆಟ್ರೋಲ್ ತಳ್ಳುತ್ತಿದ್ದರೆ, ಮುಂದೆ ಮ್ಯಾನಿಫೋಲ್ಡ್ ಗಾಳಿ ಎಳೆಯುತ್ತಿರುತ್ತದೆ. ಐಡ್ಲಿಂಗಿನಲ್ಲಿ ಥ್ರಾಟಲ್ ಮುಚ್ಚಿರುವುದರಿಂದ ಎಳೆತ ಜೋರು, ಪೂರ್ತಿ ಕಾಲು ಕೊಟ್ಟಾಗ ಎಳೆತ ಇಲ್ಲವೇ ಇಲ್ಲ ಎನ್ನುವಷ್ಟು ಕಮ್ಮಿ. ಹಿಂದಿನ ತಳ್ಳು ಒಂದೇ ಸಮ ಇದ್ದರೂ ಮುಂದಿನ ಎಳೆತ ಬದಲಾಗುತ್ತಿದ್ದರೆ ಒಂದೊಂದು ಹೊತ್ತಿಗೆ ಒಂದೊಂದು ಅಳತೆ. ಹಾಗಾಗಿ ಆ ಎಳೆತವನ್ನು ಪೈಪಿನ ಮೂಲಕ ಡಯಾಫ್ರಮ್‌ನ ಬೆನ್ನಿಗೂ ತಲುಪಿಸುತ್ತಾರೆ. ಮುಂದೆ ಎಷ್ಟು ಎಳೆತವೋ ಹಿಂದಿನ ಒತ್ತಡ ಅಷ್ಟೇ ಇಳಿಯುತ್ತದೆ, ವ್ಯತ್ಯಾಸ ಮಾತ್ರ ಸದಾ 43.5. ಮೀಟರಿನ ಮುಳ್ಳು ಏರಿಳಿಯುತ್ತಿದ್ದರೂ ಇಂಜೆಕ್ಟರಿಗೆ ಲೆಕ್ಕ ಒಂದೇ.

ಈ ಉಪಾಯ ಮೊದಲಿನಿಂದಲೂ ಇದ್ದದ್ದಲ್ಲ. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಎಲೆಕ್ಟ್ರಾನಿಕ್ ಇಂಜೆಕ್ಷನ್ ಎಂದರೆ ಬಾಷ್ ಕಂಪನಿಯ ಡಿ-ಜೆಟ್ರಾನಿಕ್. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂತು. ‘ಡಿ’ ಎಂದರೆ ಜರ್ಮನ್ ಭಾಷೆಯ ‘ಡ್ರುಕ್’, ಅಂದರೆ ಒತ್ತಡ. ಅದರ ಇಸಿಯು ಮ್ಯಾನಿಫೋಲ್ಡಿನ ಒತ್ತಡವನ್ನು ತಾನೇ ಅಳೆದು ಲೆಕ್ಕ ಹಾಕುತ್ತಿದ್ದುದರಿಂದ ರೆಗ್ಯುಲೇಟರಿಗೆ ಮ್ಯಾನಿಫೋಲ್ಡಿನ ಪೈಪು ಇರಲಿಲ್ಲ. ಪೆಟ್ರೋಲನ್ನು ಸುಮಾರು 2 ಬಾರ್‌ನಲ್ಲಿ ಹಿಡಿದರೆ ಸಾಕಿತ್ತು. ತಮಾಷೆಯೆಂದರೆ ಆ ರೆಗ್ಯುಲೇಟರಿಗೆ ಕಂಪನಿಯೇ ಸ್ಕ್ರೂ ಮತ್ತು ಲಾಕ್‌ನಟ್ ಕೊಟ್ಟಿತ್ತು. ಆಮೇಲೆ 1970ರ ದಶಕದ ಎಲ್-ಜೆಟ್ರಾನಿಕ್‌ನಲ್ಲಿ ಮ್ಯಾನಿಫೋಲ್ಡಿನ ಪೈಪು ಬಂತು, ಸ್ಕ್ರೂ ಹೋಯಿತು. ಹೀಗಾಗಿ ಇವತ್ತು ನಾವು ಹೊಸತೆಂದು ಜೆ.ಸಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತರುವುದು ಒಂದು ಅರ್ಥದಲ್ಲಿ ಹಳೆಯದನ್ನೇ. ನಮ್ಮಲ್ಲಿ 2000ದ ಆಸುಪಾಸಿನಲ್ಲಿ ಕಾರುಗಳ ಬೆನ್ನಿಗೆ ‘ಎಂಪಿಎಫ್‌ಐ’ ಎಂಬ ಅಕ್ಷರ ಅಂಟಿಸಿಕೊಂಡು ತಿರುಗುವ ಕಾಲ ಬಂತಲ್ಲ, ಮನೆಗೆ ಟೆಲಿಫೋನ್ ಬಂದಷ್ಟೇ ಹೆಮ್ಮೆ. ಅಂಥ ಕಾರುಗಳೇ ಈಗ ಮಾಡಿಫಿಕೇಶನ್ನಿನವರ ಕಚ್ಚಾ ಮಾಲು.

ಗ್ಯಾರೇಜಿಗೆ ವಾಪಸು ಹೋಗೋಣ. ಕೆಲಸ ಶುರು ಮಾಡುವ ಮುಂಚೆ ಉಸ್ತಾದ್ ತಮ್ಮ ಕೈಕೆಳಗಿನ ಹುಡುಗನಿಗೆ ಹೇಳಿದ ಮೊದಲ ಮಾತು “ಊದುಬತ್ತಿ ಆರ್ಸು.” ಗಲ್ಲಾಪೆಟ್ಟಿಗೆಯ ಪಕ್ಕ ಹಳೆಯ ಪಿಸ್ಟನ್ ಒಂದಿತ್ತು. ಅದರ ನೆತ್ತಿಯ ತೂತಿನಲ್ಲಿ ಊದುಬತ್ತಿ ಸಿಕ್ಕಿಸಿದ್ದರು. ಆ ತೂತಿನ ಕಥೆ ಆಮೇಲೆ ಹೇಳುತ್ತೇನೆ. ಬೆಂಕಿ ನಂದಿಸುವ ಕೆಂಪು ಸಿಲಿಂಡರನ್ನು ಗೋಡೆಯಿಂದ ಇಳಿಸಿ ಕಾರಿನ ಮುಂದಿನ ಚಕ್ರದ ಹತ್ತಿರ ಇಟ್ಟರು.

ತಮ್ಮದೇ ಮೀಟರ್ ಕೂರಿಸಲು ರೈಲಿನ ಬೋಲ್ಟ್ ಬಿಚ್ಚಬೇಕು. ರೈಲಿನಲ್ಲಿ ಒತ್ತಡ ತುಂಬಿದ ಪೆಟ್ರೋಲಿದೆ. ಮೊದಲು ಪಂಪಿನ ರಿಲೇ ಕಿತ್ತರು. ಎಂಜಿನ್ ಸ್ಟಾರ್ಟ್ ಮಾಡಿದರೆ ರೈಲಿನಲ್ಲಿ ಉಳಿದದ್ದನ್ನು ಕುಡಿದು ನಾಲ್ಕು ಸಲ ಬಿಕ್ಕಳಿಸಿ ನಿಂತಿತು. ಅಷ್ಟಾದರೂ ಬೋಲ್ಟಿನ ಸುತ್ತ ಬನಿಯನ್ ವೇಸ್ಟ್ ಸುತ್ತಿಯೇ ಸ್ಪ್ಯಾನರ್ ಹಾಕಿದರು. ಎರಡು ಮೂರು ಚಮಚೆ ಪೆಟ್ರೋಲ್ ಬಟ್ಟೆಗೆ ಇಳಿಯಿತು. ಬೋಲ್ಟಿನ ಎರಡೂ ಮಗ್ಗುಲಿನ ವಾಷರನ್ನು ಎಸೆದು ಹೊಸದು ಹಾಕಿದರು. “ಎರಡು ವಾಷರ್ ಉಳ್ಸೋಕೋಗಿ ಕಾರ್ ಸುಟ್ಕೊಂಡೋರಿದಾರೆ.” ಒಮ್ಮೆ ಬಿಗಿ ಬಿದ್ದ ಮೆತ್ತನೆ ಲೋಹದ ವಾಷರ್ ಎರಡನೆಯ ಸಲ ಸರಿಯಾಗಿ ಕಚ್ಚುವುದಿಲ್ಲ.

ಮುಂದೆ ರೆಗ್ಯುಲೇಟರಿನ ಚಿಕ್ಕ ಪೈಪು ಬಿಚ್ಚಿ ಮೂಗಿನ ಹತ್ತಿರ ಹಿಡಿದರು. ಡಾಕ್ಟರು ನಾಲಗೆ ನೋಡಿದಂತೆ. ಅದರಲ್ಲಿ ಪೆಟ್ರೋಲಿನ ವಾಸನೆ ಬಂದರೆ ಒಳಗಿನ ಡಯಾಫ್ರಮ್ ಹರಿದಿದೆ, ಪೆಟ್ರೋಲ್ ನೇರವಾಗಿ ಮ್ಯಾನಿಫೋಲ್ಡಿಗೆ ಸೋರುತ್ತಿದೆ ಎಂದರ್ಥ. ಹೆಸರಾಂತ ಕಂಪನಿಗಳ ರೆಗ್ಯುಲೇಟರಿನ ನಕಲುಗಳು, ಬಣ್ಣ, ಅಕ್ಷರ, ಡಬ್ಬಿ ಸಮೇತ ಕಾಲು ಬೆಲೆಗೆ ಸಿಗುತ್ತವೆ. ಅವುಗಳ ಹುಳುಕು ಇರುವುದು ಕಣ್ಣಿಗೆ ಕಾಣದ ಈ ರಬ್ಬರಿನಲ್ಲಿ. ನನ್ನದು ವಾಸನೆ ಬರಲಿಲ್ಲ.

ಆಮೇಲೆ ಮೀಟರಿನ ಸರದಿ. ರೆಗ್ಯುಲೇಟರಿನ ಮೇಲಿದ್ದ ನನ್ನ ಮೀಟರ್ ಗ್ಲಿಸರಿನ್ ತುಂಬಿದ್ದು. ಎಂಜಿನ್ನಿನ ನಡುಕಕ್ಕೆ ಮುಳ್ಳು ಕುಣಿಯದಿರಲಿ ಎಂದು ಹಾಗೆ ಮಾಡಿರುತ್ತಾರೆ. ಉಸ್ತಾದ್ ಮರದ ಪೆಟ್ಟಿಗೆಯಿಂದ, ಬಟ್ಟೆಯಲ್ಲಿ ಸುತ್ತಿಟ್ಟ ತಮ್ಮ ಮೀಟರ್ ತೆಗೆದು ರೈಲಿಗೆ ಕೂರಿಸಿದರು. ಎಂಜಿನ್ ಬಿಸಿಯಾಗಿ ಫ್ಯಾನ್ ಒಂದು ಸಲ ತಿರುಗಿ ನಿಲ್ಲುವವರೆಗೆ ಕಾದರು. ಚಿಕ್ಕ ಪೈಪು ಬಿಚ್ಚಿಯೇ ಇತ್ತು, ಬಾಯಿಗೆ ಹಳೆಯ ಸ್ಕ್ರೂ ತೂರಿಸಿ ಗಾಳಿ ಹೋಗದಂತೆ ಮುಚ್ಚಿದ್ದರು. ಅವರ ಮೀಟರ್ 52 ತೋರಿಸಿತು. ನನ್ನದು 49. ನನ್ನ ಮೀಟರಿನ ತಲೆಯ ಮೇಲಿದ್ದ ರಬ್ಬರ್ ಬಿರಡೆಯನ್ನು ಉಗುರಿನಿಂದ ಮೀಟಿ ಎತ್ತಿದರು. ಉಸ್ ಎಂದಿತು, ಮುಳ್ಳು ಹಾರಿ 52ರ ಪಕ್ಕ ಹೋಗಿ ಕೂತಿತು. ಗ್ಲಿಸರಿನ್ ಬಿಸಿಗೆ ಹಿಗ್ಗಿ ಡಬ್ಬಿಯೊಳಗೇ ಒತ್ತಡ ಹುಟ್ಟಿಸಿ ಮುಳ್ಳನ್ನು ಹಿಂದಕ್ಕೆ ತಳ್ಳಿರುತ್ತದೆ. ಇಷ್ಟು ದಿನ ಬಿಸಿ ಎಂಜಿನ್ನಿನ ಮೇಲೆ ಆ ಮೀಟರ್ ಹೇಳಿದ್ದನ್ನು ನಂಬಿಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

43.5 ಇರಬೇಕಾದಲ್ಲಿ 52. ವರ್ಗಮೂಲದ ಲೆಕ್ಕದಲ್ಲಿ ಶೇ 9ರಷ್ಟು ಹೆಚ್ಚು ಪೆಟ್ರೋಲ್. ಮಸಿಗೆ ಕಾರಣ ಸಿಕ್ಕಿತು.

ಉಸ್ತಾದ್ ಲಾಕ್‌ನಟ್ ಸಡಿಲಿಸಿ, ಅಲೆನ್ ಕೀಯನ್ನು ಎಡಕ್ಕೆ ತಿರುಗಿಸಿದರು. ತಿರುಗಿಸಿದರು ಎನ್ನುವುದೂ ಹೆಚ್ಚೇ, ರೇಡಿಯೊ ಸ್ಟೇಷನ್ ಹುಡುಕುವಷ್ಟು. 48, 45, 43. ನಿಲ್ಲುತ್ತಾರೆ ಎಂದುಕೊಂಡೆ, ನಿಲ್ಲಲಿಲ್ಲ. 41ರವರೆಗೆ ಇಳಿಸಿ ಮತ್ತೆ ಮೇಲಕ್ಕೆ ಬಂದರು. ತಂಬೂರಿಯ ತಂತಿ ಶ್ರುತಿ ಮಾಡುವವರೂ ಹೀಗೆಯೇ, ಕೆಳಗಿನಿಂದ ಏರಿಸಿಕೊಂಡು ಬರುತ್ತಾರೆ. ಹಾಗೆ ಬಂದರೆ ಸ್ಕ್ರೂವಿನ ಮರೆಯಲ್ಲಿ ಸಡಿಲ ಉಳಿಯುವುದಿಲ್ಲ. 43.5ಕ್ಕೆ ತಂದು ಲಾಕ್‌ನಟ್ ಬಿಗಿ ಮಾಡಿದರೆ ಮುಳ್ಳು 44.5ಕ್ಕೆ ಏರಿತು. ನಟ್ ಬಿಗಿಯುವಾಗ ಸ್ಕ್ರೂವನ್ನೂ ಕೊಂಚ ಎಳೆದುಕೊಂಡು ಹೋಗುತ್ತದೆ. ಮತ್ತೆ ಸಡಿಲಿಸಿ, ಈ ಸಲ 42.5ಕ್ಕೆ ಇಟ್ಟು ಬಿಗಿದರು. 43.5.

“ಈಗ ಪೈಪ್ ಹಾಕ್ತೀನಿ, ನೋಡ್ತಿರಿ.”

ಮುಳ್ಳು 35ಕ್ಕೆ ಇಳಿಯಿತು. “ರೇಸ್ ಕೊಡಿ ಸಾರ್.” ಒಳಗೆ ಕೂತು ಆಕ್ಸಿಲರೇಟರ್ ಒಮ್ಮೆ ಒತ್ತಿ ಬಿಟ್ಟೆ. ಮುಳ್ಳು 43ಕ್ಕೆ ಹಾರಿ ಮತ್ತೆ 35ಕ್ಕೆ ಬಂದಿತಂತೆ. ನನಗೆ ಕಾಣಿಸಿದ್ದು ಉಸ್ತಾದರ ತಲೆಯಾಟ ಮಾತ್ರ. ಎಂಜಿನ್ ಆರಿಸಿ ಚಹಾ ಕುಡಿದು ಬಂದಾಗಲೂ ಮುಳ್ಳು ಹೆಚ್ಚು ಇಳಿದಿರಲಿಲ್ಲ: ಪಂಪಿನ ಬಾಗಿಲಾಗಲಿ, ರೆಗ್ಯುಲೇಟರಿನ ಬಾಗಿಲಾಗಲಿ, ಇಂಜೆಕ್ಟರಾಗಲಿ ಸೋರುತ್ತಿಲ್ಲ.

ಪೈಪು ಬಿಚ್ಚಿಯೇ ಒತ್ತಡ ಇಡಬೇಕು ಎಂಬುದಕ್ಕೆ ನನಗೆ ಸರಿಯಾದ ಅರ್ಥ ಹೊಳೆದದ್ದು ಎರಡು ತಿಂಗಳ ನಂತರ. ಒಂದು ಆಟೊಕ್ರಾಸ್‌ಗೆಂದು ಟ್ರೇಲರ್ ಮೇಲೆ ಕಾರನ್ನು ಶಿರಾಡಿ ಇಳಿಸಿ ಮಂಗಳೂರಿಗೆ ಒಯ್ದಿದ್ದೆವು. ಬೆಳಗ್ಗೆ ಸ್ಟಾರ್ಟ್ ಮಾಡಿ ನೋಡುತ್ತೇನೆ, ಐಡ್ಲಿಂಗಿನಲ್ಲಿ 34. ಬೆಂಗಳೂರಿನಲ್ಲಿ 35 ಚಿಲ್ಲರೆ ಇದ್ದದ್ದು ಒಂದೂವರೆ ಪಿಎಸ್‌ಐ ಇಳಿದಿತ್ತು. ಕೈ ತುರಿಸಿತು. ಜೇಬಿನಲ್ಲಿ ಅಲೆನ್ ಕೀ ಇತ್ತು. ಪುಣ್ಯಕ್ಕೆ ಫೋನೂ ಇತ್ತು. “ಪೈಪ್ ಬಿಚ್ಚಿ ನೋಡಿ ಸಾರ್ ಮೊದ್ಲು” ಎಂದರು ಉಸ್ತಾದ್. ಬಿಚ್ಚಿದರೆ ಅದೇ 43.5.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ 10ರಷ್ಟು ಕಡಿಮೆ. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡಿನೊಳಗಿನ ಒತ್ತಡ ಎರಡೂ ಊರಿನಲ್ಲಿ ಹೆಚ್ಚುಕಡಿಮೆ ಒಂದೇ. ಆದರೆ ನಮ್ಮ ಮೀಟರ್ ಅಳೆಯುವುದು ಸುತ್ತಲಿನ ಗಾಳಿಗೆ ಹೋಲಿಸಿ. ಹೊರಗಿನ ಗಾಳಿ ದಟ್ಟವಾದ ಕಡಲ ತೀರದಲ್ಲಿ ಒಳಗಿನ ಎಳೆತ ಜಾಸ್ತಿ ಎಂಬಂತೆ ಕಾಣುತ್ತದೆ, ಮುಳ್ಳು ಒಂದಿಷ್ಟು ಕೆಳಗೆ ನಿಲ್ಲುತ್ತದೆ. ಇಂಜೆಕ್ಟರಿನ ಮುಂದೆ ಹಿಂದೆ ಇರುವ ವ್ಯತ್ಯಾಸ ಘಟ್ಟದ ಮೇಲೂ 43.5, ಘಟ್ಟದ ಕೆಳಗೂ 43.5. ಪೈಪು ಹಾಕಿಕೊಂಡು ಐಡ್ಲಿಂಗಿನಲ್ಲಿ ಒತ್ತಡ ಹೊಂದಿಸುವವರು ಊರು ಬದಲಾದಂತೆ, ಕ್ಯಾಮ್‌ಶಾಫ್ಟ್ ಬದಲಾದಂತೆ ಹೊಸ ತಪ್ಪು ಮಾಡುತ್ತಿರುತ್ತಾರೆ.

ಉಸ್ತಾದರ ಗ್ಯಾರೇಜಿನಲ್ಲಿ ನನ್ನ ಕಾರು ಸರಿಯಾದ ದಿನವೇ ಇನ್ನೊಂದು ಕಾರಿನ ಪಂಚಾಯಿತಿ ನಡೆದಿತ್ತು. ರೆಗ್ಯುಲೇಟರಿನ ಸ್ಕ್ರೂವನ್ನು ಪೂರ್ತಿ ಸಡಿಲಿಸಿದರೂ ಮುಳ್ಳು 50ರಿಂದ ಕೆಳಗಿಳಿಯಲೊಲ್ಲದು. ಅದರ ಯುವ ಮಾಲೀಕರು ರೆಗ್ಯುಲೇಟರ್ ಕೆಟ್ಟಿದೆ ಎಂದು ಆಗಲೇ ಎರಡನೆಯದನ್ನು ತಂದಿದ್ದರು. ಅದೂ ಹಾಗೇ. ಉಸ್ತಾದ್ ರೆಗ್ಯುಲೇಟರಿನ ಕಡೆ ನೋಡಲೂ ಇಲ್ಲ. ಕಾರಿನಡಿ ತೂರಿ ರಿಟರ್ನ್ ಪೈಪು ಮುಟ್ಟಿ ಬಂದರು. ಟ್ಯಾಂಕಿನಲ್ಲಿ ಗಂಟೆಗೆ 255 ಲೀಟರ್ ತಳ್ಳುವ ಪಂಪು ಇಳಿಸಿದ್ದರು. ಮಾಡಿಫಿಕೇಶನ್ನಿನವರಿಗೆ ಆ ಅಂಕಿಯ ಮೇಲೆ ಏನೋ ವ್ಯಾಮೋಹ. ಐಡ್ಲಿಂಗಿನಲ್ಲಿ ಅಂಥ ಎಂಜಿನ್ ಗಂಟೆಗೆ ಕುಡಿಯುವುದು ಒಂದು ಲೀಟರ್ ಆಸುಪಾಸು. ಮಿಕ್ಕದ್ದೆಲ್ಲ ಕಂಪನಿಯ ಕಾಲದ ಸಣ್ಣ ಪೈಪಿನಲ್ಲೇ ವಾಪಸು ಹೋಗಬೇಕು. ಮದುವೆ ಮನೆಯಿಂದ ಹೊರಬೀಳಲು ಒಂದೇ ಕಿರುಬಾಗಿಲು ಇದ್ದ ಹಾಗೆ. ಆ ಪೈಪಿನ ಇಕ್ಕಟ್ಟೇ 50 ಪಿಎಸ್‌ಐ ಹುಟ್ಟಿಸುತ್ತಿರುವಾಗ ರೆಗ್ಯುಲೇಟರ್ ಬಾಗಿಲು ಪೂರ್ತಿ ತೆರೆದು ನಿಂತರೂ ಏನು ಮಾಡೀತು? ರಿಟರ್ನ್ ದಪ್ಪ ಮಾಡಿ, ಇಲ್ಲವೇ ಪಂಪು ಚಿಕ್ಕದು ಹಾಕಿ ಎಂದರು. 150 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಪೂರ್ತಿ ಕಾಲು ಕೊಟ್ಟಾಗಲೂ ಗಂಟೆಗೆ 45 ಲೀಟರಿನ ಆಚೀಚೆ ಕುಡಿಯುತ್ತದೆ. 255 ಯಾವ ಬಕಾಸುರನಿಗೆ?

ಇದಕ್ಕೆ ತದ್ವಿರುದ್ಧದ ಕಾಯಿಲೆ ನಿಂತ ಕಾರಿನಲ್ಲಿ ಗೊತ್ತೇ ಆಗುವುದಿಲ್ಲ. ಐಡ್ಲಿಂಗಿನಲ್ಲಿ ಎಲ್ಲ ಸರಿ, ಓಟದಲ್ಲಿ ಆರು ಸಾವಿರ ಆರ್‌ಪಿಎಂ ಮುಟ್ಟುವಾಗ ಒತ್ತಡ ಕುಸಿಯುತ್ತದೆ. ಫಿಲ್ಟರ್ ಕಟ್ಟಿರಬಹುದು, ಪಂಪು ಸೋತಿರಬಹುದು, ಬಹಳ ಸಲ ಪಂಪಿಗೆ ಹೋಗುವ ತೆಳು ವೈರಿನಲ್ಲಿ ವೋಲ್ಟೇಜ್ ಸೊರಗಿರುತ್ತದೆ. ಇದನ್ನು ಹಿಡಿಯಲು ಮೀಟರನ್ನು ಉದ್ದ ಪೈಪಿನಲ್ಲಿ ಹೊರಗೆ ತಂದು ಮುಂದಿನ ಗಾಜಿನ ಮೇಲೆ ಟೇಪ್ ಹಾಕಿ ಅಂಟಿಸಿ ಓಡಿಸುತ್ತಾರೆ. ಗಾಜಿನ ಆಚೆ ಎನ್ನುವುದನ್ನು ಮರೆಯಬಾರದು. ಪೆಟ್ರೋಲ್ ತುಂಬಿದ ಪೈಪನ್ನು ಕ್ಯಾಬಿನ್ನಿನೊಳಗೆ ತರುವವರಿಗೆ ಜೀವ ಭಾರವಾಗಿರಬೇಕು.

ಈಗ ಊದುಬತ್ತಿಯ ಪಿಸ್ಟನ್. ಅದು ಟರ್ಬೊ ಕೂರಿಸಿದ ಒಂದು ಕಾರಿನದು. ಟರ್ಬೊ ಇದ್ದರೆ ಮ್ಯಾನಿಫೋಲ್ಡಿನಲ್ಲಿ ಎಳೆತದ ಬದಲು ತಳ್ಳು ಹುಟ್ಟುತ್ತದೆ. ಗಾಳಿ 0.7 ಬಾರ್ ಒತ್ತಡದಲ್ಲಿ ನುಗ್ಗುತ್ತಿದೆ ಎನ್ನಿ; ಇಂಜೆಕ್ಟರ್ ಆ ಗಾಳಿಯ ಎದುರಿಗೆ ಪೆಟ್ರೋಲ್ ಉಗುಳಬೇಕು. ಚಿಕ್ಕ ಪೈಪು ಆ ಸುದ್ದಿಯನ್ನು ರೆಗ್ಯುಲೇಟರಿಗೆ ಮುಟ್ಟಿಸುತ್ತದೆ, ಒತ್ತಡ 3ರಿಂದ 3.7ಕ್ಕೆ ಏರುತ್ತದೆ, ವ್ಯತ್ಯಾಸ ಮತ್ತೆ 3. ಆ ಕಾರಿನಲ್ಲಿ ಪೈಪಿಗೆ ಕ್ಲಿಪ್ ಹಾಕಿರಲಿಲ್ಲ. ಎಳೆತ ಇರುವಾಗ ಕ್ಲಿಪ್ ಇಲ್ಲದಿದ್ದರೂ ಪೈಪು ಅಂಟಿಕೊಂಡಿರುತ್ತದೆ. ತಳ್ಳು ಬಂದ ದಿನ ಹಾರಿತು. ರೆಗ್ಯುಲೇಟರಿಗೆ ಸುದ್ದಿ ಇಲ್ಲ, ಒತ್ತಡ 3ರಲ್ಲೇ ನಿಂತಿತು. ವ್ಯತ್ಯಾಸ 2.3ಕ್ಕೆ ಇಳಿದು, ಎಂಜಿನ್ನಿಗೆ ಅತಿ ಹೆಚ್ಚು ಪೆಟ್ರೋಲ್ ಬೇಕಾದ ಹೊತ್ತಿನಲ್ಲೇ ಶೇ 12ರಷ್ಟು ಕಡಿಮೆ ಬಿತ್ತು. ಪೆಟ್ರೋಲ್ ಕಮ್ಮಿಯಾದ ಉರಿ ಬಿಸಿ, ಬಿಸಿಗೆ ನಾಕಿಂಗ್, ನಾಕಿಂಗಿಗೆ ಪಿಸ್ಟನ್ನಿನ ನೆತ್ತಿ ಬೆಣ್ಣೆ. ಎರಡು ರೂಪಾಯಿಯ ಕ್ಲಿಪ್ಪು.

ಟರ್ಬೊ ಕಾರಿನವರು ಹಿಂದೊಮ್ಮೆ ಏರುದರದ ರೆಗ್ಯುಲೇಟರ್ ಎಂಬ ಅಡ್ಡದಾರಿ ಹಿಡಿದಿದ್ದರು. ಗಾಳಿ ಒಂದು ಪಿಎಸ್‌ಐ ಏರಿದರೆ ಪೆಟ್ರೋಲ್ ಎಂಟೋ ಹತ್ತೋ ಪಿಎಸ್‌ಐ ಏರುವಂಥದ್ದು. ಇಸಿಯುವಿನ ಮ್ಯಾಪ್ ಬದಲಾಯಿಸುವ ದಾರಿ ಗೊತ್ತಿಲ್ಲದ ಕಾಲಕ್ಕೆ ಅದು ಸರಿ. ಈಗ ಲ್ಯಾಪ್‌ಟಾಪ್ ಇರುವಾಗ ಯಾಕೆ ಬೇಕೋ.

ಕಾರ್ಬ್ಯುರೇಟರಿನ ಹಳೇ ಕಾರಿಗೂ ರೆಗ್ಯುಲೇಟರ್ ಹಾಕುವುದುಂಟು, ಆದರೆ ಅಲ್ಲಿ ಬೇಕಾದದ್ದು 3–4 ಪಿಎಸ್‌ಐ. ಹೆಚ್ಚಾದರೆ ಫ್ಲೋಟಿನ ಸೂಜಿ ತಡೆದುಕೊಳ್ಳಲಾರದು, ಪೆಟ್ರೋಲ್ ಉಕ್ಕಿ ಹರಿಯುತ್ತದೆ. ಇತ್ತ ಈಗಿನ ಹೊಸ ಕಾರುಗಳಲ್ಲಿ ರಿಟರ್ನ್ ಪೈಪೇ ಇಲ್ಲ. ಎಂಜಿನ್ನಿನ ಬಿಸಿ ಸವರಿಕೊಂಡು ವಾಪಸಾಗುವ ಪೆಟ್ರೋಲ್ ಟ್ಯಾಂಕನ್ನು ಕಾಯಿಸಿ ಆವಿ ಎಬ್ಬಿಸುತ್ತದೆಂದು ರೆಗ್ಯುಲೇಟರನ್ನು ಟ್ಯಾಂಕಿನೊಳಗೇ ಕೂರಿಸಿಬಿಟ್ಟರು. ಡೀಸೆಲ್ ಕಾಮನ್ ರೈಲಿನ ಒತ್ತಡವಂತೂ ಸಾವಿರ ಬಾರ್ ದಾಟುತ್ತದೆ, ಸೋರಿದ ಎಳೆ ಚರ್ಮವನ್ನೇ ಸೀಳುತ್ತದೆ. ಅದು ಭಾನುವಾರದ ಹವ್ಯಾಸಕ್ಕಲ್ಲ.

ಇತ್ತೀಚೆಗೆ ಈ ಸ್ಕ್ರೂವಿಗೆ ಇನ್ನೊಂದು ಪ್ರಲೋಭನೆ ಬಂದಿದೆ. ಎಥನಾಲ್ ಶೇ 20 ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಎಥನಾಲಿಗೆ 9 ಸಾಕು. ಇ20ಗೆ ಹದಿಮೂರೂವರೆಯ ಹತ್ತಿರ. ಅಂದರೆ ಅಷ್ಟೇ ಗಾಳಿಗೆ ಶೇ 7–8ರಷ್ಟು ಹೆಚ್ಚು ಇಂಧನ ಬೇಕು. ಒತ್ತಡದ ಲೆಕ್ಕಕ್ಕೆ ತಿರುಗಿಸಿದರೆ 3 ಬಾರ್ ಇದ್ದದ್ದನ್ನು ಮೂರೂವರೆ ಮಾಡಿದರೆ ಸರಿಹೋಗುತ್ತದೆ. ಕಾಗದದ ಮೇಲೆ ಅಂದವಾದ ಉತ್ತರ. ಹಳೇ ಕಾರಿನ ಗುಂಪುಗಳಲ್ಲಿ ಇದನ್ನು ಹೇಳಿಕೊಡುವವರೂ ಇದ್ದಾರೆ. ಆದರೆ ಆಕ್ಸಿಜನ್ ಸೆನ್ಸರ್ ಇರುವ ಕಾರಿನಲ್ಲಿ ಇಸಿಯು ತಾನೇ ಇಷ್ಟನ್ನು ತಿದ್ದಿಕೊಳ್ಳುತ್ತದೆ. ನಾವು ಒತ್ತಡ ಏರಿಸಿದರೂ ಸಾಮಾನ್ಯ ಓಟದಲ್ಲಿ ಅದು ಮಿಲಿಸೆಕೆಂಡು ಕಡಿಮೆ ಮಾಡಿ ನಮ್ಮ ಕೈಚಳಕವನ್ನು ಅಳಿಸಿಹಾಕುತ್ತದೆ. ಪೂರ್ತಿ ಕಾಲು ಕೊಟ್ಟಾಗ ಮಾತ್ರ ಸೆನ್ಸರಿನ ಮಾತು ಬಿಟ್ಟು ಮ್ಯಾಪಿನ ಮಾತು ಕೇಳುತ್ತದೆ. ನನ್ನಂಥವರ ಬದಲಿ ಇಸಿಯು ಇದ್ದರೆ, ಲ್ಯಾಪ್‌ಟಾಪಿನಲ್ಲಿ ಅಂಕಿ ಬದಲಿಸುವುದು ಮರ್ಯಾದೆಯ ದಾರಿ. ಎಥನಾಲಿಗೆ ಒಗ್ಗದ ಹಳೇ ರಬ್ಬರ್ ಪೈಪುಗಳನ್ನು ಮೊದಲು ಬದಲಿಸುವುದು ಅದಕ್ಕಿಂತ ಮರ್ಯಾದೆಯ ದಾರಿ.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಮೇಲೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ನನ್ನ ಕಾರು ಟ್ರೇಲರ್ ಹತ್ತುವುದು ಅದಕ್ಕೇ. ಇದನ್ನು ಓದಿ ಯಾರಾದರೂ ಆಫೀಸಿಗೆ ಹೋಗುವ ಕಾರಿಗೆ ನಿಂಬೆಹಣ್ಣು ಕೂರಿಸಲು ಹೊರಟರೆ ನನ್ನನ್ನು ಸಾಕ್ಷಿಗೆ ಕರೆಯಬೇಡಿ.

ಆ ದಿನ ಗ್ಯಾರೇಜಿನಲ್ಲಿ ಸಂಜೆ ಆರಾಗಿತ್ತು. ಹೊಸ ಪ್ಲಗ್ ಹಾಕಿ, ಸೈಲೆನ್ಸರಿನ ಬಾಯಿಗೆ, ಗಾಳಿ ಪೆಟ್ರೋಲಿನ ಪಾಲು ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಸಿಕ್ಕಿಸಿ ನೋಡಿದರು. ಹಳೆಯ ಮ್ಯಾಪಿನಲ್ಲಿ ಬರೆದಿದ್ದ ಅಂಕಿಗಳೇ ಮತ್ತೆ ಪರದೆಯ ಮೇಲೆ ಬರತೊಡಗಿದವು. ಲ್ಯಾಪ್‌ಟಾಪಿನಲ್ಲಿ ಒಂದಕ್ಷರ ಬದಲಿಸಬೇಕಾಗಲಿಲ್ಲ. ಉಸ್ತಾದ್ ಗಲ್ಲಾದ ಡ್ರಾಯರಿನಿಂದ ಕೆಂಪು ನೇಲ್ ಪಾಲಿಶ್ ಶೀಸೆ ತೆಗೆದರು. ಮಗಳದಂತೆ, ಬಣ್ಣ ಹಳೆಯದಾಯಿತೆಂದು ಬಿಟ್ಟದ್ದು. ಸ್ಕ್ರೂ, ಲಾಕ್‌ನಟ್, ರೆಗ್ಯುಲೇಟರಿನ ಮೈ ಮೂರಕ್ಕೂ ತಗುಲುವಂತೆ ಒಂದು ಗೆರೆ ಎಳೆದು ಬಾಯಿಂದ ಊದಿ ಒಣಗಿಸಿದರು. ಯಾರಾದರೂ ಮುಟ್ಟಿದರೆ ಗೆರೆ ಮುರಿಯುತ್ತದೆ.

ದುಡ್ಡು ಕೊಟ್ಟು ಹೊರಟಾಗ ಫೆಂಡರಿನ ಮೇಲಿದ್ದ ನನ್ನ ಅಲೆನ್ ಕೀ ಕಾಣಲಿಲ್ಲ. ಕೇಳಿದೆ. ಉಸ್ತಾದ್ ಅಂಗಿಯ ಜೇಬು ತಟ್ಟಿಕೊಂಡರು.

“ನನ್ ಹತ್ರಾನೇ ಇರ್ಲಿ ಸಾರ್.”

ದಾರಿಯಲ್ಲಿ ಬರುತ್ತಾ ಹಾರ್ಡ್‌ವೇರ್ ಅಂಗಡಿಯಲ್ಲಿ ಇನ್ನೊಂದು ಕೊಂಡೆ. ಮಂಗಳೂರಿನಲ್ಲಿ ಜೇಬಿನಲ್ಲಿದ್ದದ್ದು ಅದೇ.